ಅವ್ವನ ಕರಡಿಗೆ ಎರಡಾದ ವರ್ಷ

ಹೊಗೆಸೊಪ್ಪು ಬೇಯುವ ವಾಸನೆ ಬಂದರೆ ಹುಣಸೂರು ಕಡೆಯ ಜನ ಮೂಗರಳಿಸಿ, ಈ ಸಲ ಸೊಪ್ಪು ಚೆನ್ನಾಗಿ ಬಂದಿದೆ ಅನ್ನುತ್ತಾರೆ. ನನಗೆ ಮಾತ್ರ ಆ ವಾಸನೆಗೆ ಮೈಯೆಲ್ಲ ಉರಿಯುತ್ತದೆ. ಆಷಾಢ ಹುಟ್ಟಿ ಸುತ್ತಲ ಹಳ್ಳಿಗಳಲ್ಲಿ ಸೊಪ್ಪು ಬೇಯಿಸುವ ಎತ್ತರದ ಕೋಣೆಗಳಿಗೆ, ಬ್ಯಾರನ್ನುಗಳಿಗೆ, ಬೆಂಕಿ ಹಾಕಿದರೆಂದರೆ ಆ ಸಿಹಿ ಘಾಟು ಪೇಟೆಯೊಳಗೂ ನುಗ್ಗುತ್ತದೆ. ನಾನು ಕಿಟಕಿ ಮುಚ್ಚುತ್ತೇನೆ. ನನ್ನ ಹೆಂಡತಿ ಲತಾ ಬಟ್ಟೆ ಒಣಗುವುದಿಲ್ಲ ಎಂದು ತೆಗೆಯುತ್ತಾಳೆ. ಮತ್ತೆ ಮುಚ್ಚುತ್ತೇನೆ. ಎಲ್ಲರ ಬ್ಯಾರನ್ನಿನ ವಾಸನೆಯೂ ಒಂದೇ ಎಂದು ಗೊತ್ತಿದೆ, ಆದರೂ ನನ್ನ ಮೂಗಿಗೆ ಅದು ನನ್ನ ಅಣ್ಣ ಮಾದಪ್ಪನ ಬ್ಯಾರನ್ನಿನದೇ.

ಈ ವರ್ಷ ಆ ವಾಸನೆಗೆ ಇನ್ನೊಂದು ಬಂದು ಸೇರಿಕೊಂಡಿತು. ಅಟ್ಟ ಗುಡಿಸುತ್ತಿದ್ದಾಗ ಹಳೆಯ ಡಬ್ಬಿಯೊಂದರಲ್ಲಿ ಗುಲಾಬಿ ಬಣ್ಣದ ಮುದ್ದೆ ಸಿಕ್ಕಿತು. ಹಲ್ಲಿನ ಡಾಕ್ಟರು ಬಾಯಿಗೆ ಒತ್ತಿ ಅಚ್ಚು ತೆಗೆಯುತ್ತಾರಲ್ಲ, ಆ ಪುಟ್ಟಿ. ಒಣಗಿ ರಬ್ಬರಿನಂತಾಗಿದ್ದರೂ ಪುದೀನದ ವಾಸನೆ ಹೋಗಿರಲಿಲ್ಲ. ಎರಡು ಹೋಳುಗಳನ್ನು ಬಿಡಿಸಿದೆ. ಒಳಗೆ ಮೊಟ್ಟೆಯಾಕಾರದ ಗುಳಿ, ಗುಳಿಯ ಸಣ್ಣ ಗೆರೆಗಳಲ್ಲಿ ಬೂದು ಬಣ್ಣದ ಪುಡಿ. ಅದು ನಮ್ಮವ್ವನ ವಿಭೂತಿ. ಈ ಅಚ್ಚು ಎಲ್ಲಿ ಹೋಯಿತು ಎಂದು ಒಂದು ಕಾಲಕ್ಕೆ ನಾನು ಹುಡುಕದ ಜಾಗವಿರಲಿಲ್ಲ. ಇವತ್ತು ಅಣ್ಣನ ಬಾಯಿ ಮುಚ್ಚಿಸುತ್ತೇನೆ ಎಂದುಕೊಂಡು ಆ ಮುದ್ದೆಯನ್ನೂ, ದೇವರ ಗೂಡಿನಲ್ಲಿದ್ದ, ಲಿಂಗ ಇಡುವ ಬೆಳ್ಳಿಯ ಕರಡಿಗೆಯನ್ನೂ ಚೀಲಕ್ಕೆ ಹಾಕಿಕೊಂಡು ಕಟ್ಟೆಮಳಲವಾಡಿ ಕಡೆ ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ಅವ್ವ ಹೋದ ಮಳೆಗಾಲದ್ದೇ ನೆನಪು.

ಆಗ ನಾವೆಲ್ಲ ಕಟ್ಟೆಮಳಲವಾಡಿಯ ಒಂದೇ ಮನೆಯಲ್ಲಿದ್ದೆವು. ಅಣ್ಣನದು ಸೊಪ್ಪಿನ ಬೇಸಾಯ. ನಾನು ಮೈಸೂರಿನ ಒಂದು ಲ್ಯಾಬಿನಲ್ಲಿ ಹಲ್ಲು ಮಾಡುತ್ತಿದ್ದೆ. ಮೇಣದಲ್ಲಿ ಹಲ್ಲು ತಿದ್ದಿ, ಪ್ಲಾಸ್ಟರಿನಲ್ಲಿ ಹುದುಗಿಸಿ, ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುವುದು. ಅವರಿವರ ಹಲ್ಲು ಮಾಡಿ ಸಾಕಾಗಿ ಕೆಲಸ ಬಿಟ್ಟೆ. ಬ್ಯಾರನ್ನಿಗೆ ಅಂಟಿಕೊಂಡಿದ್ದ ಕಟ್ಟಿಗೆಯ ಕೋಣೆಯನ್ನು ಖಾಲಿ ಮಾಡಿಸಿ, ಅಲ್ಲಿ ಒಂದು ರೆಸಿನ್ ಪ್ರಿಂಟರ್, ಒಂದು ಸಣ್ಣ ಕುಲುಮೆ, ಬೆಳ್ಳಿ ಕರಗಿಸುವ ಮೂಸೆ ಇಟ್ಟುಕೊಂಡು ಕೂತೆ. ಹುಣಸೂರು, ಪಿರಿಯಾಪಟ್ಟಣದ ಬೆಳ್ಳಿ ಅಂಗಡಿಯವರು ಪದಕದ ಕೆಲಸ ಕೊಡುತ್ತಿದ್ದರು. ಪ್ರಿಂಟರಿನ ತೊಟ್ಟಿಯಲ್ಲಿ ಜೇನುತುಪ್ಪದ ಬಣ್ಣದ ಅಂಟು, ಅದೇ ರೆಸಿನ್. ಕೆಳಗಿನಿಂದ ಬೆಳಕು ಬಿದ್ದಷ್ಟು ಜಾಗ ಗಟ್ಟಿಯಾಗುತ್ತದೆ, ಮೇಲಿನ ತಟ್ಟೆ ಒಂದೊಂದೇ ಎಳೆ ಮೇಲೇಳುತ್ತದೆ. ಕೊನೆಗೆ ನೋಡಿದರೆ ಪದಕ ತಲೆಕೆಳಗಾಗಿ ಜೋತಾಡುತ್ತಿರುತ್ತದೆ. ಕಂಪ್ಯೂಟರಿನಲ್ಲಿ ಬರೆದದ್ದು ಕೈಗೆ ಬರುತ್ತದಲ್ಲ ಎಂದು ನನಗೆ ಆ ದಿನಗಳಲ್ಲಿ ಬಲು ಹೆಮ್ಮೆ.

ಅಣ್ಣನಿಗೆ ಅದು 'ಹಲ್ಲು ಮಿಷನ್ನು'. ರೆಸಿನ್ನಿನ ಘಾಟು ಗೋಡೆ ದಾಟಿ ಬರುತ್ತದೆ ಎಂದು ದಿನಾ ತಗಾದೆ.

"ನಿನ್ನ ಇಸದ್ ವಾಸ್ನೆ ನನ್ನ ಸೊಪ್ಪಿಗೆ ಹಿಡಿದ್ರೆ ಹರಾಜ್ನಾಗೆ ಯಾವನ್ಲಾ ಮೂಸ್ತಾನೆ?" ಎನ್ನುವನು.

"ಸೊಪ್ಪೇನು ಅಮೃತಾನಾ? ಅದ್ಕಿಂತ ಇಸ ಇನ್ಯಾವುದಣ್ಣ ಇರೋದು?" ಎನ್ನುವೆನು ನಾನು.

ಅವ್ವ ಅಂಗಳದಲ್ಲಿ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಇಬ್ಬರ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು. "ಇಬ್ರೂ ಒಂದೇ ಬ್ಯಾರನ್ನಾಗೆ ಬೇಯ್ತಾ ಇದ್ದೀರ ಕಣ್ರಲಾ, ಒಬ್ನೂ ಹಣ್ಣಾಗ್ಲಿಲ್ಲ" ಎಂದು ಬೈದು ಮತ್ತೆ ಕಡ್ಡಿ ಎತ್ತಿಕೊಳ್ಳುವಳು. ಬಗ್ಗಿದಾಗೆಲ್ಲ ಅವಳ ಎದೆಯ ಮೇಲಿನ ಕರಡಿಗೆ ತೂಗುತ್ತಿತ್ತು. ಒಳಗೆ ಅವಳ ಲಿಂಗ, ಹೊರಗೆ ಬೆಳ್ಳಿ, ಬೆಳ್ಳಿಯ ಗೆರೆಗೆರೆಯಲ್ಲೂ ವಿಭೂತಿ ಕೂತು ಅದರ ಬಣ್ಣವೇ ಬೂದಿಯಾಗಿತ್ತು. ಒಂದು ಮಗ್ಗುಲು ನೆಗ್ಗಿತ್ತು. ನಾವು ಚಿಕ್ಕವರಿದ್ದಾಗ ಬ್ಯಾರನ್ನಿನ ಗಳ ಜಾರಿ ಅವಳ ಎದೆಗೆ ಬಿದ್ದಿತ್ತಂತೆ, ಪೆಟ್ಟನ್ನು ಕರಡಿಗೆ ತಿಂದಿತ್ತು. ನನಗೆ ಜ್ವರ ಬಂದಾಗ ಅವ್ವ ಅಪ್ಪಿಕೊಂಡರೆ ಅದು ತಣ್ಣಗೆ ಕೆನ್ನೆಗೆ ತಾಗುತ್ತಿತ್ತು. ಜ್ವರ ಎಂದರೆ ಇವತ್ತಿಗೂ ನನಗೆ ನೆನಪಾಗುವುದು ಆ ತಣ್ಣನೆ.

ಮೊದಲ ಸಲದ ಸೊಪ್ಪು ಬ್ಯಾರನ್ನಿಗೆ ಏರಿದ ವಾರವೇ ಅವ್ವ ಹೋದಳು. ಕಡ್ಡಿ ಕಟ್ಟುತ್ತಿದ್ದವಳು ಹಾಗೇ ಒರಗಿದಳು, ನಾಲ್ಕು ದಿನ ಹಾಸಿಗೆ ಹಿಡಿದು ಕಣ್ಣು ಮುಚ್ಚಿದಳು. ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟು, ವಿಭೂತಿ ಗಟ್ಟಿಗಳನ್ನು ಇಟ್ಟು ಮಣ್ಣು ಮಾಡಿದೆವು. ಕರಡಿಗೆ ಮಾತ್ರ ಮೇಲೆ ಉಳಿಯಿತು. ಅದು ನಮ್ಮ ಸೋದರಮಾವ ಗುರುಮಲ್ಲಪ್ಪನ ಕೈಯಲ್ಲಿತ್ತು. ಮಳೆ ಹನಿಯುತ್ತಿತ್ತು. ಮಣ್ಣಿನ ಕೈಯನ್ನು ಇನ್ನೂ ಯಾರೂ ತೊಳೆದಿರಲಿಲ್ಲ, ಅಷ್ಟರಲ್ಲಿ ಅಣ್ಣ ಕೈ ಚಾಚಿದ.

"ಇರೀ ಮಗ ನಾನು. ಕೊಡಿ ಮಾವ."

ನನಗೆ ನೆತ್ತಿಗೇರಿತು. ಕೊನೆಯ ದಿನಗಳಲ್ಲಿ ಅವ್ವನಿಗೆ ಗಂಜಿ ಕುಡಿಸಿದವಳು ಲತಾ, ಮೈ ಒರೆಸಿದವಳು ಲತಾ. ಅಣ್ಣನಿಗೆ ಸೊಪ್ಪು ಬಿಟ್ಟರೆ ಬೇರೆ ಕಾಣುತ್ತಿರಲಿಲ್ಲ. ಅದನ್ನು ಅಲ್ಲೇ, ಗುಂಡಿಯ ಮುಂದೆಯೇ ಅಂದುಬಿಟ್ಟೆ. ಜನ ಇಬ್ಬರನ್ನೂ ಬೇರೆ ಬೇರೆ ಕಡೆ ಎಳೆದುಕೊಂಡು ಹೋದರು.

ಅವ್ವನ ಶಿವಗಣಾರಾಧನೆಯ ದಿನ ಊಟ ಮುಗಿದ ಮೇಲೆ ಮಾವ ನ್ಯಾಯಕ್ಕೆ ಕೂತ. ಮಾವನಿಗೆ ನ್ಯಾಯ ಹೇಳುವುದೆಂದರೆ ಪಾಯಸದಷ್ಟೇ ಇಷ್ಟ. "ಅಲ್ಲಾ ಕಣ್ಲಾ ಮಲ್ಲೇಶ, ಊರೋರ ಹಲ್ಲೆಲ್ಲ ಎರಕ ಉಯ್ತೀಯ, ನಿಮ್ಮವ್ವನ ಕರಡಿಗೆ ಇನ್ನೊಂದು ಉಯ್ಯಕ್ಕಾಗಲ್ವಾ? ಅಳೇದು ಇರಿಯೋನ್ಗೆ, ಒಸದು ನಿಂಗೆ. ಮುಗೀತು" ಅಂದ. ಕೂತಿದ್ದವರೆಲ್ಲ ತಲೆಯಾಡಿಸಿದರು. ನನಗೆ ಬೇಕಿದ್ದದ್ದು ಅವ್ವನ ಎದೆಯ ಮೇಲಿದ್ದದ್ದು, ಅದರ ತದ್ರೂಪವಲ್ಲ. ಆದರೆ ಆಗುವುದಿಲ್ಲ ಅಂದರೆ ಕೈಲಾಗದವನು ಅನ್ನುತ್ತಾರೆ. ಮಾಡುತ್ತೇನೆ, ಎರಡನ್ನೂ ಪಕ್ಕದಲ್ಲಿಟ್ಟರೆ ನೀವೇ ತಬ್ಬಿಬ್ಬಾಗಬೇಕು, ಹಾಗೆ ಮಾಡುತ್ತೇನೆ ಅಂದೆ. ಅವತ್ತು ಸಿಟ್ಟಿನಲ್ಲಿ ಆಡಿದ ಆ ಮಾತು ನಿಜವೇ ಆಯಿತು.

ಬೆಳ್ಳಿ ಬೇಕಿತ್ತು. ಲತಾ ಕಾಲುಚೈನು ಬಿಚ್ಚಿ ಮೇಜಿನ ಮೇಲಿಟ್ಟಳು. "ಅತ್ತೆಗೆ ಅಂತ ಕೊಡ್ತಿದ್ದೀನಿ, ನಿಮ್ಮ ಹಟಕ್ಕಲ್ಲ" ಅಂದಳು. ಮಾರನೆಯ ದಿನವೇ ನಲ್ಲಿಯ ಹತ್ತಿರ ಹೆಂಗಸರು ಅವಳ ಬರಿಗಾಲು ನೋಡಿ ಕೇಳಿದರು, ಸಂಜೆಯೊಳಗೆ ಅಣ್ಣನ ಕಿವಿಗೂ ಬಿತ್ತು.

ಹಲ್ಲು ಮಾಡುವವನ ಅಭ್ಯಾಸ, ಯಾವುದಕ್ಕೂ ಕೈ ಹಾಕುವ ಮೊದಲು ಒಂದು ಅಚ್ಚು ತೆಗೆದಿಟ್ಟುಕೊಳ್ಳುತ್ತೇನೆ. ಮಾವ ಕೈಗೆ ಕೊಟ್ಟ ಅವ್ವನ ಕರಡಿಗೆಯನ್ನು ಇದ್ದ ಹಾಗೆಯೇ, ವಿಭೂತಿಯ ಸಮೇತ, ಪುಟ್ಟಿಗೆ ಒತ್ತಿ ಡಬ್ಬಿಗೆ ಹಾಕಿಟ್ಟೆ. ಆಮೇಲೆ ಮೈಸೂರಿನ ಹಳೆಯ ಲ್ಯಾಬಿಗೆ ಒಯ್ದು ಸ್ಕ್ಯಾನ್ ಮಾಡಿಸಲು ಕೂತರೆ ಸ್ಕ್ಯಾನರ್ ಹಿಡಿಯಲೊಲ್ಲದು. ಗೆರೆಗಳೆಲ್ಲ ವಿಭೂತಿಯಿಂದ ತುಂಬಿದ್ದರೆ ಅದಕ್ಕೆ ಏನು ಕಾಣಬೇಕು? ತೊಳೆಯಬೇಕು ಅಂದರು ಲ್ಯಾಬಿನವರು. ಬ್ರಷ್ ಹಿಡಿದು ನಾನೇ ತೊಳೆದೆ. ತೊಟ್ಟಿಯ ನೀರು ಬೂದಿ ಬಣ್ಣಕ್ಕೆ ತಿರುಗಿ ಕೊಳವೆಯಲ್ಲಿ ಇಳಿದುಹೋಯಿತು. ಅವಳನ್ನು ಎರಡನೇ ಸಲ ಮಣ್ಣು ಮಾಡಿದಂತಾಗಿ ನನಗೆ ಅಳು ಬಂತು. ಕೈಯಲ್ಲಿ ಉಳಿದದ್ದು ಪಳಪಳ ಹೊಳೆಯುವ, ನಾನು ಎಂದೂ ನೋಡಿರದ ಒಂದು ಕರಡಿಗೆ.

ಪ್ರಿಂಟರ್ ಬೆಳಗಿನಿಂದ ಕತ್ತಲಾಗುವವರೆಗೂ ಗುಂಯ್ಗುಟ್ಟಿತು. ರೆಸಿನ್ನಿನಲ್ಲಿ ಕರಡಿಗೆಯ ಎರಡೂ ಹೋಳು ಎದ್ದುಬಂದವು, ಸ್ಪಿರಿಟ್ಟಿನಲ್ಲಿ ತೊಳೆದು ನೋಡಿದರೆ ಗೆರೆಗೆ ಗೆರೆ ಸರಿ. ಮಗ್ಗುಲಿನ ನೆಗ್ಗೂ ಇತ್ತು. ಯಾವ ಗಳವೂ ಬೀಳದೆ, ಯಾರ ಎದೆಯನ್ನೂ ಕಾಯದೆ ನೆಗ್ಗಿದ್ದ ಕರಡಿಗೆ. ಅದನ್ನು ಪ್ಲಾಸ್ಟರಿನಲ್ಲಿ ಹುದುಗಿಸಿ ಕುಲುಮೆಗೆ ಇಟ್ಟೆ. ಗೌರಿ ಹಬ್ಬದ ದಿನ ಕೊಡುತ್ತೇನೆ ಎಂದಿದ್ದೆ, ಹಬ್ಬ ಹತ್ತಿರ ಬಂದಿತ್ತು.

ಇಲ್ಲಿ ಎಡವಿದೆ. ನನ್ನ ಕುಲುಮೆಗೆ ನೆತ್ತಿಯ ಮೇಲೊಂದು ಕಿಂಡಿ. ಗೋಡೆಯಾಚೆ ಅಣ್ಣನ ಬ್ಯಾರನ್ನಿಗೂ ಕಿಂಡಿಗಳು. ಬೆಂಕಿ ಹಾಕಿದ ಮೊದಲಿಗೆ ಕಿಂಡಿ ಮುಚ್ಚಿರಬೇಕು, ಇಲ್ಲದಿದ್ದರೆ ಸೊಪ್ಪು ಹಣ್ಣಾಗದೆ ಹಸಿರಲ್ಲೇ ಒಣಗಿಹೋಗುತ್ತದೆ. "ಕಿಂಡಿ ಮುಚ್ಚಲಾ!" ಅನ್ನುವುದು ನಾವು ತೊದಲು ಮಾತು ಕಲಿಯುವಾಗಲೇ ಕೇಳಿದ ಮಾತು. ಅವತ್ತು ಕುಲುಮೆ ಬಿಸಿಯಾಗುತ್ತಿದ್ದಂತೆ ಗೋಡೆಯಾಚೆಯಿಂದ ಅಣ್ಣ ಕೂಲಿಯವನಿಗೆ ಅದೇ ಮಾತು ಕೂಗಿದ. ನನ್ನ ಕೈ ತಾನಾಗಿ ಹೋಗಿ ನನ್ನ ಕಿಂಡಿಯ ಮೇಲೆ ಬಿಲ್ಲೆ ಎಳೆಯಿತು. ಮೇಣವಾಗಿದ್ದರೆ ಕರಗಿ ಹರಿದುಹೋಗುತ್ತಿತ್ತು, ಚಿಂತೆಯಿರಲಿಲ್ಲ. ರೆಸಿನ್ ಕರಗುವುದಿಲ್ಲ, ಉರಿದೇ ಹೋಗಬೇಕು, ಉರಿಯಲು ಗಾಳಿ ಬೇಕು. ಮೈಸೂರಿನ ಲ್ಯಾಬಿನ ಯಾವನೂ ಮಾಡದ ತಪ್ಪು ಅದು. ಹೊಗೆಸೊಪ್ಪಿನವರ ಮನೆಯಲ್ಲಿ ಹುಟ್ಟಿದವನು ಮಾತ್ರ ಮಾಡಿಯಾನು.

ಬೆಳ್ಳಿ ಹೊಯ್ದು, ಪ್ಲಾಸ್ಟರ್ ಒಡೆದು ನೋಡಿದರೆ ಅಚ್ಚಿನೊಳಗೆ ಉಳಿದ ಮಸಿಯೆಲ್ಲ ಬೆಳ್ಳಿಯ ಮೈಗೆ ಕಚ್ಚಿಕೊಂಡಿತ್ತು. ಮೈತುಂಬ ಸಣ್ಣ ಸಣ್ಣ ತೂತು, ತೂತಿನಲ್ಲೆಲ್ಲ ಕಪ್ಪು. ಉಜ್ಜಿದೆ, ತಿಕ್ಕಿದೆ, ಆಮ್ಲದಲ್ಲಿ ಅದ್ದಿದೆ. ಕಪ್ಪು ಹೋಗಲಿಲ್ಲ. ಮತ್ತೊಂದು ಹೊಯ್ಯಲು ದಿನಗಳಿರಲಿಲ್ಲ. ಆರುವಾಗ ಬೆಳ್ಳಿ ಕುಗ್ಗುವುದರಿಂದ ಅದು ಅವ್ವನದಕ್ಕಿಂತ ಒಂದು ಕೂದಲಷ್ಟು ಚಿಕ್ಕದೂ ಆಗಿತ್ತು. ಆದರೆ ಕಣ್ಣಿಗೆ ಅದೆಲ್ಲ ಕಾಣುವುದಿಲ್ಲ. ಕಣ್ಣಿಗೆ ಅದು ಒಂದು ತಲೆಮಾರು ಬ್ಯಾರನ್ನಿನ ಹೊಗೆ ಕುಡಿದ ಕರಡಿಗೆ.

ಗೌರಿ ಹಬ್ಬದ ದಿನ ಮಾವನ ಮುಂದೆ ಬಿಳಿ ಬಟ್ಟೆ ಹಾಸಿ ಎರಡನ್ನೂ ಇಟ್ಟೆ. ಹೊಳೆಯುವುದನ್ನು ಅಣ್ಣನ ಕಡೆ ತಳ್ಳಿದೆ.

"ಇದು ಅವ್ವಂದು. ತಗೋ ಅಣ್ಣ."

ಅಣ್ಣ ಅದನ್ನು ಮುಟ್ಟಲಿಲ್ಲ. "ಇದಾ?" ಅಂದ.

"ಹೂ. ತೊಳ್ದಿದ್ದೀನಿ, ಅದಕ್ಕೆ ಹೊಳೀತಾ ಅದೆ."

"ಅವ್ವನ ಇಬೂತಿ ತೊಳೆದ್ಯಾ?"

"ತೊಳೀದೆ ಆಯ್ತಿರಲಿಲ್ಲ."

"ಅಂಗಾದ್ರೆ ಈ ಕರ್ರಗಿರೋದು?"

"ಅದು ನಾನು ಹೊಯ್ದಿದ್ದು. ಮಸಿ ಕೂತ್ಕಂಡದೆ."

ಅಣ್ಣ ನಕ್ಕ. ಅವನ ಆ ನಗು ನನಗೆ ಹುಟ್ಟಿದಾಗಿನಿಂದ ಆಗದು. "ಒಸದು ಕರ್ರಗೆ, ಅಳೇದು ಬೆಳ್ಳಗೆ! ನನ್ನ ಏನಂದ್ಕಂಡಿದ್ದೀಯ್ಲಾ? ಇವತ್ತಿನ್ ತಂಕ ಒಂದು ಒಳ್ಳೇದು ನಂಗೆ ಬುಟ್ಟುಕೊಟ್ಟಿದ್ದೀಯಾ ನೀನು? ಇದೊಂದು ಕೊಟ್ಬುಡ್ತೀಯಾ?"

ಚಿಕ್ಕದಾಗಿರುವುದೇ ನಾನು ಹೊಯ್ದದ್ದು, ಅಳತೆ ಮಾಡಿ ತೋರಿಸುತ್ತೇನೆ ಎಂದು ವರ್ನಿಯರ್ ಅಳತೆಕಡ್ಡಿ ತೆಗೆದೆ. "ಕಡ್ಡೀನೂ ನಿಂದೇ, ಓದೋನೂ ನೀನೇ" ಎಂದು ಅದನ್ನು ಆಚೆ ನೂಕಿದ. ಪುಟ್ಟಿಯ ಅಚ್ಚು ಹುಡುಕಿದೆ, ಕೋಣೆಯನ್ನೆಲ್ಲ ಕಿತ್ತುಹಾಕಿದೆ, ಬೇಕಾದಾಗ ಸಿಗಬೇಕಲ್ಲ. ಹಿಂತಿರುಗಿ ಬಂದಾಗ ಮಾವ ಎದ್ದು ನಿಂತಿದ್ದ. ನೋಡಿದವರೆಲ್ಲರಿಗೂ ಕಪ್ಪನೆಯದೇ ಅವ್ವನದಾಗಿ ಕಂಡಿತ್ತು.

"ಮಲ್ಲೇಶ, ಸುಮ್ನೆ ಬದಲಾಯಿಸಿಬುಡು. ಹಬ್ಬದ ದಿನ ಜಗಳ ಬ್ಯಾಡ" ಅಂದ ಮಾವ.

ಬದಲಾಯಿಸಬಹುದಿತ್ತು. ನನಗೆ ಬೇಕಿದ್ದದ್ದೇ ಕೈಗೆ ಬರುತ್ತಿತ್ತು. ಆದರೆ ಬದಲಾಯಿಸಿದರೆ ಮೊದಲು ಮೋಸ ಮಾಡಲು ಹೊರಟಿದ್ದೆ ಎಂದು ಒಪ್ಪಿಕೊಂಡಂತೆ. ಅಷ್ಟು ಜನರ ಮುಂದೆ ಕಳ್ಳನಾಗಿ ಅವ್ವನ ಕರಡಿಗೆ ತೆಗೆದುಕೊಳ್ಳಲೇ? "ನಾನು ಹೇಳಿದ್ದು ನಿಜ. ನಂಬಿದರೆ ನಂಬು, ಬಿಟ್ಟರೆ ಬಿಡು, ಬದಲಾಯಿಸಲ್ಲ" ಅಂದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅಣ್ಣ ಹೊಳೆಯುವುದನ್ನು ಬೀಡಿಕಟ್ಟಿನ ಜೊತೆ ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದುಹೋದ. ಆ ತಿಂಗಳೊಳಗೆ ನಾನು ಪ್ರಿಂಟರು, ಕುಲುಮೆ ಎಲ್ಲ ಹೇರಿಕೊಂಡು ಹುಣಸೂರಿಗೆ ಬಂದುಬಿಟ್ಟೆ.

ಅಲ್ಲಿಗೇ ನಿಂತಿದ್ದರೆ ಎರಡು ಮನೆಯ ಮುನಿಸು, ಅಷ್ಟೇ. ಮರುವರ್ಷ ಅಣ್ಣನ ಮೊಮ್ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ಮಾವನ ಬಲವಂತಕ್ಕೆ ಹೋದೆವು. ಆಗಷ್ಟೇ ನಡೆಯಲು ಕಲಿತಿದ್ದ ಮಗು. ಊಟಕ್ಕೆ ಕೂತವರ ಮುಂದೆ ಅಣ್ಣ ಅದನ್ನು ಎತ್ತಿಕೊಂಡು ಬಂದು, ನೇರ ನನ್ನ ಎಲೆಯ ಮುಂದೆ ನಿಂತು, ಅದರ ಒಂದು ಕಾಲು ಹಿಡಿದು ಎತ್ತಿದ. ಕಾಲಲ್ಲಿ ಬೆಳ್ಳಿಯ ಗೆಜ್ಜೆ. ಬೆಳೆದ ಮೇಲೂ ಬರಲಿ ಎಂದು ಉದ್ದಕ್ಕೇ ಮಾಡಿಸಿ, ಕೊಂಡಿ ಒಳಗೆ ಸಿಕ್ಕಿಸಿದ್ದರು.

"ನೋಡ್ಲಾ, ನಿನ್ನ ಬೆಳ್ಳಿ! ನಿನ್ನ ಹೆಂಡ್ತಿ ಕಾಲಿಂದ ಬಂದದ್ದು, ಕಾಲ್ಗೇ ಓಯ್ತು. ಕೆ.ಆರ್. ನಗರದಾಗೆ ಕರಗ್ಸಿ ಮಾಡ್ಸಿದ್ದು."

ಸುತ್ತಲಿನವರು ನಕ್ಕರು. ಎತ್ತಿದ ತುತ್ತನ್ನು ನಾನು ಎಲೆಗೇ ಹಾಕಿದೆ. ಅವ್ವನ ಎದೆಯ ಮೇಲಿದ್ದದ್ದು. ಲಿಂಗ ಇದ್ದದ್ದು. ನಾನು ಎಂಜಲು ಕೈಯಲ್ಲೇ ಎದ್ದು ಕೂಗಿದೆ, ಅದು ಅವ್ವನದು ಕಣೋ, ಅವ್ವನನ್ನು ಕರಗಿಸಿದೆಯಲ್ಲೋ ಪಾಪಿ ಎಂದು. ಅಣ್ಣ ನಗುತ್ತಲೇ ಇದ್ದ. ಮಾವ, "ಬುಡ್ಲಾ ನಾಟ್ಕಾವ, ಊಟಕ್ಕೆ ಕೂತ್ಕೊ" ಅಂದ. ಒಬ್ಬರೂ ನಂಬಲಿಲ್ಲ. ಲತಾ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ಅವತ್ತಿನಿಂದ ಮಾತಿಲ್ಲ. ಸಂತೆಯಲ್ಲಿ ಸಿಕ್ಕವರ ಬಾಯಲ್ಲಿ ಮಾತ್ರ ಅಣ್ಣ ಹೇಳಿಕಳಿಸುತ್ತಿದ್ದ: ಅವ್ವನ ಕರಡಿಗೆ ಯಾವಾಗ ಕೊಡ್ತಾನಂತೆ ಕೇಳಿ.

ಈಗ ಉತ್ತರ ನನ್ನ ಚೀಲದಲ್ಲಿತ್ತು. ಹೊರಡುವ ಮುಂಚೆ ಕಪ್ಪು ಕರಡಿಗೆಯನ್ನು ಪುಟ್ಟಿಯ ಗುಳಿಯಲ್ಲಿಟ್ಟು ನೋಡಿದ್ದೆ. ಲೊಡಲೊಡ ಅಂದಿತು. ಅವ್ವನ ವಿಭೂತಿ ಮೆತ್ತಿಕೊಂಡಿರುವ ಗುಳಿಯಲ್ಲಿ ಅದು ಕೂರುವುದಿಲ್ಲ ಅಂದರೆ ಅದು ಅವ್ವನದಲ್ಲ. ಹಾಗಾದರೆ ಅವನು ಕರಗಿಸಿದ್ದು ಯಾವುದು? ವರ್ನಿಯರ್ ಬೇಡ, ಓದು ಬೇಡ, ಅವನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಕೊಳ್ಳಲಿ. ಅವನ ಮುಖ ಬೆಳ್ಳಗಾಗುವುದನ್ನು ನೋಡಬೇಕು ಎಂಬ ಆಸೆಯೊಂದೇ ನನ್ನನ್ನು ಓಡಿಸುತ್ತಿತ್ತು.

ಅಣ್ಣ ಬ್ಯಾರನ್ನಿನ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೌದೆ ತಳ್ಳುತ್ತಿದ್ದ. ತಲೆ ಪೂರಾ ನರೆತಿತ್ತು.

"ಏನ್ಲಾ, ದಾರಿ ತಪ್ತಾ?"

"ಒಂದು ತೋರಿಸ್ಬೇಕಿತ್ತು."

"ಕರಡಿಗೆ ತಂದಿದ್ರೆ ತೋರ್ಸು. ಇಲ್ದಿದ್ರೆ ಬಂದ ದಾರೀಲೇ ಹೊಂಟೋಗು."

ಜಗಲಿಯ ಮೇಲೆ ಕೂತು ಚೀಲದ ಜಿಪ್ಪು ಎಳೆದೆ. ಕೈ ಪುಟ್ಟಿಯ ಮೇಲಿತ್ತು. ಅಷ್ಟರಲ್ಲಿ ಅಂಗಳದ ಕಡೆಯಿಂದ ಗೆಜ್ಜೆಯ ಸದ್ದು ಓಡಿಬಂತು. ಆ ಮಗು ಈಗ ಉದ್ದವಾಗಿತ್ತು, ಕೈಯಲ್ಲಿ ಒಂದು ಸೊಪ್ಪಿನ ಎಲೆ. ನಮ್ಮಿಬ್ಬರಿಗೂ ಮಾತಿಲ್ಲ ಎಂಬುದು ಅದಕ್ಕೇನು ಗೊತ್ತು. ಯಾರೋ ಮನೆಯವನೇ ಎಂದುಕೊಂಡು ಒಂದು ಕಾಲನ್ನು ನನ್ನ ಮೊಣಕಾಲ ಮೇಲೆ 'ಧಪ್' ಎಂದು ಇಟ್ಟಿತು.

"ತಾತ, ಇದು ಚುಚ್ತದೆ. ತೆಗ್ದುಕೊಡು."

ಕೊಂಡಿಯ ತುದಿ ಬಾಗಿ ಚರ್ಮ ಕೆಂಪಾಗಿತ್ತು. ನನ್ನ ಜೇಬಿನಲ್ಲಿ ಸಣ್ಣ ಇಕ್ಕಳ ಸದಾ ಇರುತ್ತದೆ. ಕಾಲನ್ನು ಅಂಗೈಯಲ್ಲಿ ಹಿಡಿದು ಕೊಂಡಿ ನೇರ ಮಾಡಿದೆ, ಇನ್ನೊಂದು ಕಣ್ಣಿ ಸಡಿಲಿಸಿದೆ. ಬೆಳ್ಳಿ ತಣ್ಣಗಿತ್ತು. ಜ್ವರದಲ್ಲಿ ಕೆನ್ನೆಗೆ ತಾಗುತ್ತಿದ್ದ ಅದೇ ತಣ್ಣನೆ. ಬಿಡಲು ಮನಸ್ಸಾಗದೆ ಹಾಗೇ ಹಿಡಿದುಕೊಂಡೆ.

ನಾನು ಪುಟ್ಟಿ ತೆಗೆದು ತೋರಿಸಿದರೆ ಮುಂದಿನ ಗಳಿಗೆಯಲ್ಲಿ ಅಣ್ಣ ಈ ಗೆಜ್ಜೆಗಳನ್ನು ಈ ಕಾಲಿಂದ ಕಿತ್ತುಕೊಳ್ಳುತ್ತಾನೆ. ಎದೆ ಬಡಿದುಕೊಳ್ಳುತ್ತಾನೆ, ಮಾವನನ್ನು ಕರೆಸುತ್ತಾನೆ, ಮತ್ತೆ ಕರಗಿಸಿ ಏನೋ ಮಾಡಿಸಿ ದೇವರ ಗೂಡಿಗೆ ಇಡುತ್ತಾನೆ. ಮಗು ಅಳುತ್ತದೆ. ಅವ್ವ ಯಾರೂ ಮುಟ್ಟದ ಗೂಡಿನಲ್ಲಿ ಕೂರಬೇಕು. ಅವಳೋ ಕೂತ ಕಡೆ ಕೂತವಳಲ್ಲ, ಈ ಅಂಗಳ ಬಿಟ್ಟು ಹೋದವಳೂ ಅಲ್ಲ.

"ಏನ್ಲಾ ಅದು ಚೀಲ್ದಾಗೆ?" ಅಣ್ಣ ಕೇಳಿದ.

ಪುಟ್ಟಿಯನ್ನು ಒಳಗೇ ಬಿಟ್ಟು ಕಪ್ಪು ಕರಡಿಗೆ ತೆಗೆದೆ. "ತಗೋ" ಅಂದೆ.

ಅಣ್ಣ ಎದ್ದ. ಕೈಗಳನ್ನು ಟವಲಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ಇಸಿದುಕೊಂಡ. ನೆಗ್ಗಿನ ಮೇಲೆ ಹೆಬ್ಬೆರಳಾಡಿಸಿದ. "ಕೊನೇಗೂ ಒಪ್ಕಂಡ್ಯಲ್ಲ. ಇದು ಅವ್ವಂದೇ ತಾನೆ?"

"ನೀನೇ ಹೇಳ್ತಿದ್ದೆಯಲ್ಲ ಮೊದಲಿಂದ."

ಅವನು ಅದನ್ನು ಒಂದು ಕಣ್ಣಿಗೆ ಒತ್ತಿಕೊಂಡ, ಇನ್ನೊಂದು ಕಣ್ಣಿಗೆ ಒತ್ತಿಕೊಂಡ, ಭುಜ ಅಲುಗಿತು. ನನಗೆ ಕನಿಕರ ಬರಲಿಲ್ಲ. ಲತಾಳ ಕಾಲುಚೈನನ್ನು ಕಣ್ಣಿಗೊತ್ತಿಕೊಂಡು ಅಳುತ್ತಿದ್ದಾನೆ ಎಂದು ಹೊಟ್ಟೆ ತಣ್ಣಗಾಯಿತು. ಗೆದ್ದೆ ಅಂದುಕೊಂಡೇ ಅವನು ಸಾಯಲಿ.

ಮಗು ಜಗಲಿಯಿಂದ ಜಿಗಿದು ಬ್ಯಾರನ್ನಿನ ಸುತ್ತ ಓಡತೊಡಗಿತು. ಗೆಜ್ಜೆಯ ಸದ್ದು ಹಿಂದಕ್ಕೆ ಹೋಗಿ, ಆ ಕಡೆಯಿಂದ ಮತ್ತೆ ಬಂತು. ಅಣ್ಣ ಕರಡಿಗೆಯನ್ನು ಎದೆಗೆ ಹಿಡಿದುಕೊಂಡೇ ಆ ಸದ್ದಿನ ಕಡೆ ತಿರುಗಿದ.

"ಅವ್ವಾ, ಬೆಂಕಿ ತಾವ ಓಡ್ಬ್ಯಾಡ ಕಣವ್ವ" ಎಂದು ಕೂಗಿದ.

ಅವಳು ನಿಲ್ಲಲಿಲ್ಲ. ನಾನು ಗಾಡಿ ಹತ್ತಿದೆ.